ತಡಿ, ಅದು ಹೋಗ್ಲಿ

ಜರಿಮರಿಯ ನಮ್ಮ ಮನೆಯಲ್ಲಿ
ಯಾವ ಮಾತೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ.
ತಗಡಿಗೆ ಮೊದಲು ಸಣ್ಣ ನಡುಕ,
ಗೂಡಿನ ಸ್ಟೀಲು ಲೋಟಗಳು ಹಲ್ಲು ಕಡಿಯುತ್ತಿದ್ದವು,
ಅವ್ವ ಸೌಟು ಎತ್ತಿ ಹಿಡಿಯುತ್ತಿದ್ದಳು:
ತಡಿ, ಅದು ಹೋಗ್ಲಿ.
ಹೊಟ್ಟೆ ತೋರಿಸಿಕೊಂಡು ಅದು ದಾಟಿದ ಮೇಲೆ
ಹ್ಞಾಂ, ಈಗ ಹೇಳು.
ಎಂಟರ ಮಗ್ಗಿ, ಬಾಡಿಗೆಯ ಬಾಕಿ, ಖೈರುನ್ನಿಸಾಳ ಮಗಳ ನಿಕಾಹ್,
ಎಲ್ಲದರ ನಡುವೆಯೂ ಒಂದು ವಿಮಾನದಷ್ಟು ಜಾಗ.

ಈಗ ಆ ಜಾಗದಲ್ಲೇ ಕೂತು ದುಡಿಯುತ್ತೇನೆ,
ಗಾಜಿನ ಗೋಪುರದ ತುದಿಯಲ್ಲಿ,
ಕಿವಿಗೆ ಹೆಡ್‌ಸೆಟ್ಟು, ಮುಂದೆ ವಿಮಾನಕ್ಕೊಂದರಂತೆ ಪಟ್ಟಿ.
ಕೆಳಗೆ ರನ್‌ವೇ ಎರಡು, ಕತ್ತರಿಯ ಹಾಗೆ
ಒಂದನ್ನೊಂದು ಹಾಯ್ದು ಮಲಗಿವೆ.
ಎರಡಿದ್ದರೂ ಲೆಕ್ಕಕ್ಕೆ ಒಂದೇ:
ಇದು ಮಾತಾಡುವಾಗ ಅದು ಬಾಯಿ ಮುಚ್ಚಬೇಕು.

ಮೊದಲ ದಿನ ಪರುಳೇಕರ್ ಸರ್ ಹೇಳಿದ್ದು ಇಷ್ಟೇ:
ನೀನು ಹೇಳಿದ್ದಲ್ಲಮ್ಮ ಮುಖ್ಯ, ಅವನು ತಿರುಗಿ ಹೇಳಿದ್ದು.
ಇಳಿ ಎಂದರೆ ಇಳಿಯುತ್ತೇನೆ ಎನ್ನಬೇಕು,
ಎಷ್ಟು ಅಡಿಗೆ ಎಂಬುದನ್ನೂ ಒಪ್ಪಿಸಬೇಕು.
'ಆಯ್ತು' ಎನ್ನುವುದು ಆಕಾಶದಲ್ಲಿ ಉತ್ತರವಲ್ಲ.
ಒಂಬತ್ತನ್ನು ನೈನರ್ ಎನ್ನು, ಐದನ್ನು ಫೈಫ್,
ಗರಗರದಲ್ಲಿ ಅಂಕಿಗಳು ವೇಷ ಬದಲಿಸುತ್ತವೆ.

ನೆಲದ ಮೇಲೆ ಎಷ್ಟು ಜನ ನನಗೆ ಆಯ್ತು ಅಂದಿದ್ದಾರೋ,
ಲೆಕ್ಕ ಇಟ್ಟಿಲ್ಲ.

ಭಾರದ ವಿಮಾನ ಎದ್ದುಹೋದ ಹಾದಿಯಲ್ಲಿ
ಕಣ್ಣಿಗೆ ಕಾಣದ ಸುಳಿಗಳು, ರೆಕ್ಕೆಗೊಂದು.
ಹಿಂದಿನ ಸಣ್ಣದನ್ನು ಎರಡು ನಿಮಿಷ ನಿಲ್ಲಿಸು, ಎಂದಿತು ಪುಸ್ತಕ.
ಓದುವಾಗ ನನಗದು ಹೊಸ ಪಾಠ ಅನ್ನಿಸಲಿಲ್ಲ.
ಪವಯಿಯ ಕ್ವಾರಿಯಿಂದ ಅಪ್ಪ ಕುಡಿದು ಬಂದು
ಚಾದರ ಹೊದ್ದು ಮಲಗಿದ ಮೇಲೂ
ಗಾಳಿ ಒಳಗೆ ತಿರುಗುತ್ತಲೇ ಇರುತ್ತಿತ್ತು.
ಅವ್ವ ನನ್ನನ್ನೂ ತಮ್ಮನನ್ನೂ ಹೊಸ್ತಿಲಾಚೆ ತಡೆದು ನಿಲ್ಲುತ್ತಿದ್ದಳು,
ಗಡಿಯಾರವಿಲ್ಲದೆ ಎರಡು ನಿಮಿಷ.

ಸಂಕ್ರಾಂತಿಯ ದಿನ ಪೈಲಟ್ ಒಬ್ಬನ ವರದಿ:
ಮುನ್ನೂರು ಅಡಿಯಲ್ಲಿ ಕೆಂಪು ಗಾಳಿಪಟ.
ಠಾಣೆಗೆ ತಿಳಿಸುವುದು ಕೆಲಸ, ತಿಳಿಸಿದೆ.
ಯಾವ ಓಣಿ, ಮೇಡಂ?
ಗೊತ್ತಿತ್ತು. ಮಾಂಜಾ ಯಾವ ಅಂಗಡಿಯದು ಎನ್ನುವುದೂ.

ಹೋದ ಮಂಗಳವಾರ, ಸಂಜೆ ಆರು ಇಪ್ಪತ್ತು.
ಇಳಿದ ಒಂದು, ರನ್‌ವೇ ಬಿಡಲು ತಡಮಾಡಿತು.
ಹಿಂದಿನದು ಎರಡು ಮೈಲಿ. ಒಂದೂವರೆ.
ಚಕ್ರ ಚಾಚಿ, ದೀಪ ಹಚ್ಚಿ,
ಮೊಬೈಲು ಆಗಲೇ ಕೈಗೆತ್ತಿಕೊಂಡ ನೂರೆಂಬತ್ತು ಜನರನ್ನು ಹೊತ್ತು.
ಇನ್ನೊಂದು ಉಸಿರು ಕಾಯಬಹುದಿತ್ತೇನೋ.
ಉಸಿರಿನ ಅಳತೆ ನಿಯಮದಲ್ಲಿಲ್ಲ.
ಗೋ ಅರೌಂಡ್, ಎಂದೆ.
ಏಕೆ ಎನ್ನಲಿಲ್ಲ ಆಕೆ.
ಗೋಯಿಂಗ್ ಅರೌಂಡ್, ಎಂದು ಮೂಗೆತ್ತಿ
ನಮ್ಮ ತಗಡುಗಳ ಮೇಲೆ ಗುಡುಗಿ
ಜುಹುವಿನ ಕಡಲಿಗೆ ಹೋದಳು.
ಹದಿನೇಳು ನಿಮಿಷಕ್ಕೆ ತಿರುಗಿ ಬಂದು, ಇಳಿದು,
ಗುಡ್ ಈವ್ನಿಂಗ್ ಹೇಳಿ ಬೇರೆ ಫ್ರೀಕ್ವೆನ್ಸಿಗೆ ದಾಟಿದಳು.
ಅವಳ ಮುಖ ನಾನು ಕಂಡಿಲ್ಲ. ನಾನೂ ಅವಳಿಗೆ ಬರೀ ದನಿ.
ಶಿಫ್ಟು ಮುಗಿಯುವಷ್ಟರಲ್ಲಿ ಅವ್ವನ ಫೋನು:
ಇವತ್ತೊಂದು ಇಳೀಲಿಲ್ಲಲ್ಲ, ನಿಂದೇ ಏನ ಅದು?

ಮಳೆಗಾಲ ಕಳೆದ ಮೇಲೆ ಒಂದು ಹಗಲು
ಎರಡೂ ರನ್‌ವೇ ಮುಚ್ಚುತ್ತಾರೆ.
ಬಿರುಕಿಗೆ ಡಾಂಬರು, ದೀಪಗಳಿಗೆ ಹೊಸ ಗಾಜು,
ಟೈರು ಬಿಟ್ಟುಹೋದ ರಬ್ಬರನ್ನು ಉಜ್ಜಿ ತೆಗೆಯುವ ಯಂತ್ರ.
ಆರು ತಾಸು ಮುಂಬಯಿಯ ಮೇಲೆ ಹದ್ದುಗಳಷ್ಟೇ.
ಅವತ್ತು ನನಗೆ ರಜೆ, ಅವ್ವನಿಗೆ ಕಷ್ಟ.
ನಿದ್ದೀನ ಹತ್ತವಲ್ದು ನೋಡವ್ವ, ಅನ್ನುತ್ತಾಳೆ,
ಸೊಸೆಯ ಸುದ್ದಿ, ಮೊಣಕಾಲಿನ ಸುದ್ದಿ,
ನಲ್ಲಿಗೆ ನೀರು ಬಾರದ ಸುದ್ದಿ ಹೇಳುತ್ತ ಹೇಳುತ್ತ
ನಡುವೆ ತಟಕ್ಕನೆ ನಿಲ್ಲಿಸುತ್ತಾಳೆ.

ಮೇಲೆ ಏನೂ ಬರುತ್ತಿಲ್ಲ.
ನಾನೂ ತಡೆಯುತ್ತೇನೆ,
ಅದು ಹೋಗುವವರೆಗೆ.